ತುಂಡು ಚೆರಿ ಹಲಗೆಯಲ್ಲಿ ಹಿರೋಶಿಗೆಯ ಮಳೆ

ನಾಲ್ಕು ಸಲ ಕೆಟ್ಟಿತು. ಐದನೇ ಸಲ ಮಳೆ ಬಂತು. ಜಪಾನಿನ ಚಿತ್ರಕಾರ ಹಿರೋಶಿಗೆಯ ಮರದಚ್ಚಿನ ಚಿತ್ರ, ಒಹಾಶಿ ಸೇತುವೆಯ ದಿಢೀರ್ ಮಳೆಯನ್ನು ನಾನೇ ಹಲಗೆಯಲ್ಲಿ ಕೆತ್ತಿ, ಪ್ರೆಸ್ ಇಲ್ಲದೆ ಬರೆನ್ (ಹಾಳೆಯ ಬೆನ್ನು ಉಜ್ಜುವ, ಬಿದಿರು ಪೊರೆ ಸುತ್ತಿದ ಬಿಲ್ಲೆ) ಉಜ್ಜಿ ತೆಗೆದಿದ್ದೇನೆ. ಅದೂ ತುಂಡು ಹಲಗೆಗಳನ್ನು ಅಂಟಿಸಿ. ಟೋಕಿಯೋದಲ್ಲಿ ನಾನು ಹೋಗುವ ಕ್ಲಾಸಿನ ಹಿರಿಯರು ಆಗಲ್ಲ ಅಂತ ತಲೆ ಅಲ್ಲಾಡಿಸಿದ್ದರು. ಊರಿನಲ್ಲಿ ವುಡ್‌ಕಟ್ ಮಾಡುವ ಗೆಳೆಯ ಫೋನಿನಲ್ಲಿ, "ನೀರು ತಾಗಿದ ಕೂಡಲೇ ಜಾಯಿಂಟ್ ಬಿಟ್ಟುಕೊಳ್ತದೆ ಮಾರಾಯ, ದುಡ್ಡು ದಂಡ" ಅಂದಿದ್ದ. ಎಪ್ಪತ್ತು ಪ್ರಿಂಟ್ ಆದಮೇಲೂ ಜಾಯಿಂಟ್ ಬಿಟ್ಟಿಲ್ಲ. ಅದಕ್ಕೇ ಬರೆಯಲು ಕೂತೆ.

ಚಿತ್ರ ನಿಮಗೆ ಗೊತ್ತೇ ಇದೆ. 1857ರದು. ಎಡೋ, ಅಂದರೆ ಈಗಿನ ಟೋಕಿಯೋ, ಆ ಊರಿನ ನೂರು ನೋಟಗಳ ಸರಣಿಯದು. ಸುಮಿದಾ ನದಿ, ಮೇಲೆ ಸೇತುವೆ, ತಲೆ ಮುಚ್ಚಿಕೊಂಡು ಓಡುವ ಜನ, ಕೆಳಗೆ ಒಬ್ಬನೇ ತೆಪ್ಪ ನಡೆಸುವವನು. ವ್ಯಾನ್ ಗೋ 1887ರಲ್ಲಿ ಇದನ್ನೇ ಎಣ್ಣೆ ಬಣ್ಣದಲ್ಲಿ ನಕಲು ಮಾಡಿದ. ಅವನದು ಬೇರೆಯೇ ಚೆಲುವು. ಆದರೆ ಮರದ ಗೆರೆಯ ಮಳೆಗೆ ಇರುವ ಹರಿತ ಬ್ರಶ್ಶಿಗೆ ಬರಲ್ಲ. ಆ ಹರಿತ ನನಗೆ ಬೇಕಿತ್ತು.

ಮಳೆಗೆ ಎರಡು ಅಚ್ಚು, ಅಂದರೆ ಗೆರೆ ಉಳಿಸಿ ಸುತ್ತ ಕೆತ್ತಿ ತೆಗೆದ ಎರಡು ಹಲಗೆ. ಎರಡರ ಗೆರೆಗಳೂ ಓರೆ, ಆದರೆ ಒಂದರ ಓರೆ ಇನ್ನೊಂದಕ್ಕಿಂತ ಸ್ವಲ್ಪ ಬೇರೆ. ಒಂದರ ಮೇಲೊಂದು ಬಿದ್ದಾಗ ಗಾಳಿ ತಿರುಗಿದ ಹಾಗೆ ಕಾಣುತ್ತದೆ. ಕಷ್ಟ ಎಲ್ಲಾ ಆ ಓರೆಯಲ್ಲೇ ಇದೆ.

ಮೊದಲ ಸಲ ಎಲ್ಲವನ್ನೂ ಶಿನಾ ಎಂಬ ಮೆದು ಮರದ ಪ್ಲೈವುಡ್‌ನಲ್ಲಿ ಕೆತ್ತಿದೆ. ನದಿ, ಸೇತುವೆ, ಆಚೆ ದಡ ಎಲ್ಲಾ ಚೆನ್ನಾಗಿ ಬಂತು. ಬಣ್ಣ ತುಂಬುವ ಅಚ್ಚುಗಳಿಗೆ ನಾನು ಇವತ್ತಿಗೂ ಪ್ಲೈ ಬಳಸುತ್ತೇನೆ, ನಾಚಿಕೆ ಏನಿಲ್ಲ. ಮಳೆಯದ್ದೇ ಬೇರೆ ಕಥೆ. ಆರನೇ ಹಾಳೆಗೆ ಗೆರೆಗಳು ಮೆತ್ತಗಾದವು, ಹತ್ತನೇ ಹಾಳೆಗೆ ಕಿತ್ತು ಬಂದವು. ಎರಡನೇ ಸಲವೂ ಪ್ಲೈ. ಗೆರೆ ದಪ್ಪ ಮಾಡಿ ನೋಡಿದೆ. ಮಳೆ ಹೋಗಿ ಬಿದಿರಿನ ತಟ್ಟಿಯ ಹಾಗೆ ಆಯಿತು.

ಮೂರನೇ ಸಲ ಮನಸ್ಸು ಗಟ್ಟಿ ಮಾಡಿ ಯಮಝಕುರಾ ಹಲಗೆ ತಂದೆ. ಕಾಡು ಚೆರಿ, ಇಡೀ ಹಲಗೆ. ಒಂದಕ್ಕೆ ಹದಿನೆಂಟು ಸಾವಿರ ಯೆನ್ ಆಸುಪಾಸು, ಅಂದರೆ ನಮ್ಮ ಹತ್ತು ಸಾವಿರ ರೂಪಾಯಿ. ಎರಡು ಬೇಕು. ಹಲಗೆಯ ಎಳೆ ನೇರ, ಮಳೆ ಓರೆ. ಚಾಕು ಸಣ್ಣಗೆ ಎಳೆಯ ಜೊತೆ ಜಾರಿ ಗೆರೆಯೊಳಗೆ ನುಗ್ಗುತ್ತಿತ್ತು. ಮೊದಲ ಹಲಗೆಯಲ್ಲೇ ಹನ್ನೊಂದು ಗೆರೆ ಹೋದವು. ಇರೆಕಿ ಮಾಡಿ, ಅಂದರೆ ಕೆಟ್ಟ ಜಾಗ ಕೊರೆದು, ಹೊಸ ತುಂಡು ಕೂರಿಸಿದೆ, ಆದರೆ ಇಷ್ಟು ಸಣ್ಣ ಗೆರೆಗೆ ಅದು ನಿಲ್ಲಲ್ಲ. ಎರಡು ತಿಂಗಳ ರಾತ್ರಿಗಳು ಹೋದವು. ಆ ವಾರ ಚಾಕು ಮುಟ್ಟಲಿಲ್ಲ.

ಉಪಾಯ ಹೊಳೆದದ್ದು ಪೀಠೋಪಕರಣ ಮಾಡುವವರ ಅಂಗಡಿಯ ಹಿಂದೆ. ಅಲ್ಲಿ ಚೆರಿ ಮರದ ಕಡಿದುಳಿದ ತುಂಡುಗಳು ರಾಶಿ ಬಿದ್ದಿದ್ದವು. ಅಂಗೈ ಅಗಲ, ಮೊಳ ಉದ್ದ, ತುಂಡಿಗೆ ಆರುನೂರು ಯೆನ್. ಎಳೆಯನ್ನೇ ಮಳೆಯ ಓರೆಗೆ ತಿರುಗಿಸಿಬಿಟ್ಟರೆ? ಇಡೀ ಹಲಗೆಯನ್ನು ಓರೆಯಾಗಿ ಕತ್ತರಿಸಬೇಕಾದರೆ ಇನ್ನೂ ಅಗಲದ್ದು ಬೇಕು, ಇನ್ನೂ ದುಬಾರಿ. ತುಂಡುಗಳನ್ನು ಪಕ್ಕಪಕ್ಕ ಅಂಟಿಸಿದರೆ ಆ ತೊಂದರೆಯೇ ಇಲ್ಲ. ಅಂಟಿಸಿದ ಗೆರೆಯೂ ಮಳೆಯ ಓರೆಯಲ್ಲೇ ಓಡುತ್ತದೆ. ಎರಡು ಮಳೆ ಗೆರೆಗಳ ನಡುವೆ ಅದನ್ನು ಬರುವ ಹಾಗೆ ಇಟ್ಟರೆ, ಕೆತ್ತುವಾಗ ಜಾಯಿಂಟ್ ಹಳ್ಳದಲ್ಲಿ ಉಳಿಯುತ್ತದೆ. ಬಣ್ಣ ಅಲ್ಲಿಗೆ ಮುಟ್ಟುವುದೇ ಇಲ್ಲ!

ನಾಲ್ಕನೇ ಸಲ ಹಾಗೇ ಮಾಡಿದೆ, ಆದರೆ ಮಾಮೂಲಿ ಮರದ ಅಂಟು ಹಾಕಿದ್ದೆ. ಗೆಳೆಯ ಹೇಳಿದ್ದೇ ಆಯಿತು, ಜಾಯಿಂಟ್ ಬಿಟ್ಟುಕೊಂಡಿತು. ಐದನೇ ಸಲ ನೀರಿಗೆ ಕರಗದ ಅಂಟು ಹಾಕಿದೆ, ಹಿಂದೆ ಅಡ್ಡಪಟ್ಟಿ ಕೊಟ್ಟೆ. ಅಡ್ಡಪಟ್ಟಿಯನ್ನು ಹಲಗೆ ಉಬ್ಬಿದರೂ ಸೀಳದ ಹಾಗೆ ಕೂರಿಸುವ ಒಂದು ರೀತಿ ಇದೆ. ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಎರಡು ಅಚ್ಚಿಗೂ ಸೇರಿ ಮರದ ಖರ್ಚು ನಾಲ್ಕು ಸಾವಿರ ಯೆನ್ ದಾಟಲಿಲ್ಲ. ಒಂದು ಅಚ್ಚಿನಲ್ಲಿ ಇನ್ನೂರರ ಹತ್ತಿರ ಗೆರೆ. ಚಾಕು ಎಳೆಯ ಜೊತೆ ಓಡಿದರೂ ಈಗ ಭಯವಿಲ್ಲ, ಎಳೆಯೇ ಮಳೆ. ಎರಡೂ ಸೇರಿ ಮೂರು ಗೆರೆ ಮಾತ್ರ ಮುರಿದವು.

ಮಳೆಗೆ ಕೆಂಟೊ (ಪ್ರತಿ ಅಚ್ಚಿನಲ್ಲೂ ಹಾಳೆ ಅದೇ ಜಾಗಕ್ಕೆ ಬರಲು ಕೆತ್ತುವ ಗುರುತು) ಕೂದಲೆಳೆಯಷ್ಟು ಸರಿ ಕೂರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸೇತುವೆಗೆ ಕೂರಲೇಬೇಕು. ಮಳೆ ಅರ್ಧ ಮಿಲಿಮೀಟರ್ ಸರಿದರೆ ಅದೂ ಮಳೆಯೇ, ಅಲ್ವಾ?

ಬಣ್ಣ ಹಚ್ಚುವುದರಲ್ಲಿ ಇನ್ನೊಂದು ಪೆಟ್ಟು ತಿಂದೆ. ದೊಡ್ಡ ಬ್ರಶ್ಶಿನಲ್ಲಿ ಹಚ್ಚಿದರೆ ಹಳ್ಳದಲ್ಲಿ ಬಣ್ಣ ನಿಲ್ಲುತ್ತದೆ, ಗೆರೆ ಒದ್ದೆ ನೂಲಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಸಣ್ಣ ಬ್ರಶ್, ಸುಮಿ ಎಂಬ ಕಪ್ಪು ಮಸಿ ತೆಳ್ಳಗೆ, ಅನ್ನದ ಅಂಟು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಅಂತ ಹೇಳಲ್ಲ, ಅದಕ್ಕೇ ನನ್ನ ಹದಿನೈದು ಹಾಳೆ ಹೋಗಿವೆ. ಒಂದು ಅಚ್ಚನ್ನು ತಿಳಿಯಾಗಿ, ಇನ್ನೊಂದನ್ನು ಒಂದು ಛಾಯೆ ಗಾಢವಾಗಿ ಹಾಕಿದೆ.

ಹಾಳೆ ಹೋಶೋ, ಕೋಝೋ ಗಿಡದ ತೊಗಟೆಯ ನಾರಿನ ಜಪಾನೀ ಕಾಗದ. ಕಾಗದಕ್ಕೆ ಹೆಸರಾದ ಎಚಿಝೆನ್ ಕಡೆಯ ಒಳ್ಳೇದು ತೆಗೆದೆ, ದೊಡ್ಡ ಹಾಳೆಗೆ ಎರಡೂವರೆ ಮೂರು ಸಾವಿರ ಯೆನ್ ಬಿತ್ತು. ಒಂದರಲ್ಲಿ ನಾಲ್ಕು ಓಬಾನ್, ಅಂದರೆ ಈ ಚಿತ್ರದ ಅಳತೆಯ ನಾಲ್ಕು ಹಾಳೆ, ಬರುತ್ತದೆ. ಜೂನ್‌ನಲ್ಲಿ ಶುರು ಮಾಡಿದ್ದು ತಪ್ಪಾಯಿತು. ಇಲ್ಲಿನ ಮಳೆಗಾಲ, ಒದ್ದೆ ಮಾಡಿಟ್ಟ ಹಾಳೆಗೆ ಮೂರನೇ ದಿನಕ್ಕೆ ಬೂಸ್ಟು. ಹದಿನಾಲ್ಕು ಹಾಳೆ ಎಸೆದೆ. ಆಮೇಲೆ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ರಾತ್ರಿ ಫ್ರೀಜರ್‌ಗೆ ಹಾಕುತ್ತಿದ್ದೆ.

ನಡುವೆ ಕೆಲವು ಬೇರೆ ಪ್ರಯೋಗ ಮಾಡಿದೆ. ಬರೆನ್‌ಗೆ ಕಮೇಲಿಯಾ ಎಣ್ಣೆ ಬದಲು ಕೊಬ್ಬರಿ ಎಣ್ಣೆ ಸವರಿದೆ. ಬೇಸಿಗೆಯಲ್ಲಿ ಸೊಗಸಾಗಿ ಜಾರಿತು, ಚಳಿ ಬಂದಾಗ ಗಟ್ಟಿಯಾಗಿ ಹಾಳೆಗೆ ಕಲೆ ಮಾಡಿತು. ಇಲ್ಲಿನ ಕನ್ನಡದವರ ಹಬ್ಬದ ಊಟದಲ್ಲಿ ಉಳಿದ ಅಡಿಕೆ ಹಾಳೆ ತಟ್ಟೆಯನ್ನು ಕತ್ತರಿಸಿ, ಬಿದಿರು ಪೊರೆಯ ಜಾಗದಲ್ಲಿ ಬರೆನ್‌ಗೆ ಕಟ್ಟಿ ನೋಡಿದೆ. ಮಟ್ಟ ಬಣ್ಣಕ್ಕೆ ಆಗಲ್ಲ, ಗೀರು ಗೀರು ಬರುತ್ತದೆ. ಆದರೆ ಬರೆನ್ ಗೀರು ಬೇಕೆಂದೇ ಬಿಡುವ ಕ್ರಮ ಇದೆಯಲ್ಲ, ಅದಕ್ಕೆ ಚಿನ್ನದಂಥ ವಸ್ತು. ನನ್ನ ನದಿಯ ನೀರಲ್ಲಿ ಈಗ ಮಲೆನಾಡಿನ ಅಡಿಕೆಯ ಗೀರು ಇದೆ, ನನಗೆ ಅದು ತುಂಬ ಇಷ್ಟ. ಇನ್ನೊಂದು, ಜಪಾನಿನ ಇನ್ನೊಬ್ಬ ಚಿತ್ರಕಾರ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರದಲ್ಲಿ ಹೊರಗೆರೆ ಕಪ್ಪಲ್ಲ, ನೀಲಿ. 2024ರಿಂದ ಸಾವಿರ ಯೆನ್ ನೋಟಿನ ಹಿಂದೆ ಇರುವುದೂ ಅದೇ ಅಲೆ. ಅದನ್ನು ನೋಡಿ ನಾನೂ ಸೇತುವೆಯ ಗೆರೆಗಳನ್ನು ಪ್ರಶ್ಯನ್ ನೀಲಿಯಲ್ಲಿ ಹಾಕಿದೆ. ಚಿತ್ರ ಹಗುರಾಯಿತು, ಮಳೆಯ ಭಾರ ಹೋಯಿತು. ವಾಪಸ್ ಸುಮಿಗೆ ಬಂದೆ.

ಮೇಲಿನ ಕಪ್ಪು ಮೋಡಕ್ಕೆ ಅಚ್ಚಿನಲ್ಲಿ ಅಂಚೇ ಇಲ್ಲ. ನೀರು, ಬಣ್ಣ, ಬ್ರಶ್ ಅಷ್ಟೇ. ಹೀಗೆ ಬ್ರಶ್ಶಿನಲ್ಲೇ ಬಣ್ಣವನ್ನು ಮೆಲ್ಲಗೆ ಕರಗಿಸುವ ಕ್ರಮಕ್ಕೆ ಅತೆನಾಶಿ ಬೊಕಾಶಿ ಅನ್ನುತ್ತಾರೆ, ಪ್ರತಿ ಹಾಳೆಗೂ ಬೇರೆ ಬರುತ್ತದೆ. ಹಳೆಯ ಪ್ರತಿಗಳಲ್ಲೂ ಬೇರೆ ಬೇರೆ ಇದೆ, ಮ್ಯೂಸಿಯಂಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಎಪ್ಪತ್ತು ಶುರು ಮಾಡಿ ಇಪ್ಪತ್ತಮೂರು ಒಳ್ಳೇದು ಉಳಿಯಿತು. ಒಂಬತ್ತು ಮಾರಿದೆ, ಒಂದಕ್ಕೆ ಎಂಟು ಸಾವಿರ ಯೆನ್. ಕೆಟ್ಟ ಚೆರಿ ಹಲಗೆಗಳ ದುಡ್ಡು ಬಂತು, ಹಾಳೆಯದು ಇನ್ನೂ ಬಾಕಿ.

ಅಂದು ತಲೆ ಅಲ್ಲಾಡಿಸಿದ ಹಿರಿಯರು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಜಾಯಿಂಟ್ ಹುಡುಕಿದರು. ಸಿಗಲಿಲ್ಲ. ಆಮೇಲೆ ಅಚ್ಚನ್ನೇ ತರಲು ಹೇಳಿದರು. ಮುಂದಿನ ಶನಿವಾರ ಒಯ್ದೆ. ಅವರು ಮಳೆಯ ಗೆರೆಗಳ ಮೇಲೆ ಬೆರಳು ಆಡಿಸುತ್ತಾ ಸುಮ್ಮನೆ ಕೂತರು. 1857ರಲ್ಲಿ ಹಿರೋಶಿಗೆ ಬರೆದು ಕೊಟ್ಟ ಮಳೆಯನ್ನು ಮರದಲ್ಲಿ ಕೆತ್ತಿದ್ದು ಯಾವುದೋ ಕೆಲಸಗಾರನ ಕೈ. ನಾನು ಹತ್ತಿರದಿಂದ ತಿಳಿದುಕೊಂಡದ್ದು ಅವನನ್ನೇ. ಹೊರಡುವಾಗ ಹಿರಿಯರು, ತುಂಡು ಹಲಗೆ ಸಿಗುವ ಅಂಗಡಿ ಎಲ್ಲಿ ಎಂದು ಕೇಳಿದರು.