ಮದಾಇನ್ ಹುಡುಕಿದರೆ ಕ್ಟೆಸಿಫಾನ್ ಸಿಗಬೇಕು: ಆರಂಭಿಕ ಇಸ್ಲಾಮಿಕ್ ಆಳ್ವಿಕೆಯ ಬರಹಗಳಿಗೆ ಎಲ್‌ಎಸ್‌ಐ ಇಂಡೆಕ್ಸ್

ಪರ್ಷಿಯಾದ ಸಾಸಾನಿ ದೊರೆಗಳ ರಾಜಧಾನಿ ಗ್ರೀಕರ ಬಾಯಲ್ಲಿ ಕ್ಟೆಸಿಫಾನ್. ಅರಬ್ ಚರಿತ್ರಕಾರರು ಅದನ್ನೂ ಸುತ್ತಲಿನ ಪಟ್ಟಣಗಳನ್ನೂ ಸೇರಿಸಿ ಅಲ್-ಮದಾಇನ್ ಎಂದರು. 637ರಲ್ಲಿ ಅರಬ್ ಸೇನಾಪತಿ ಸಅದ್ ಇಬ್ನ್ ಅಬೀ ವಕ್ಕಾಸರ ಸೇನೆ ಅದನ್ನು ಹಿಡಿದ ವಿಷಯ ಒಂದು ಬರಹದಲ್ಲಿ ಒಂದು ಹೆಸರಿನಡಿ, ಇನ್ನೊಂದರಲ್ಲಿ ಇನ್ನೊಂದರಡಿ ಇರುತ್ತದೆ. ಪದವನ್ನಷ್ಟೇ ನೋಡುವ ಹುಡುಕಾಟಕ್ಕೆ ಇವು ಎರಡು ಬೇರೆ ಊರು. 1990ರಲ್ಲಿ ಡೀರ್‌ವೆಸ್ಟರ್ ಮತ್ತು ಸಂಗಡಿಗರು ವಿವರಿಸಿದ ಲೇಟೆಂಟ್ ಸೆಮ್ಯಾಂಟಿಕ್ ಇಂಡೆಕ್ಸಿಂಗ್ (ಎಲ್‌ಎಸ್‌ಐ) ಪದದ ಅಕ್ಕಪಕ್ಕದವರನ್ನು ನೋಡುತ್ತದೆ. ಎರಡೂ ಹೆಸರಿನ ಸುತ್ತ ಟೈಗ್ರಿಸ್, ಸಅದ್, ಸಾಸಾನಿ ದೊರೆ ಯಜ್ದೆಗರ್ದ್ ಸುಳಿದಾಡುವುದರಿಂದ ಅವು ಹತ್ತಿರ ಬಂದು ಕೂರುತ್ತವೆ. ಇದರ ಗಣಿತ ಲೈಬ್ರರಿಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಕೈ ಕಚ್ಚುವುದು ಅದಕ್ಕೂ ಮೊದಲಿನ ಪಠ್ಯ ಶುದ್ಧಿಯಲ್ಲಿ.

ಮೊದಲು ಬರಹಗಳನ್ನು 150ರಿಂದ 250 ಪದಗಳ ತುಣುಕು ಮಾಡಿ, ಪ್ಯಾರಾ ಮುಗಿಯುವಲ್ಲಿ ಕತ್ತರಿಸಿ. ಅಧ್ಯಾಯವನ್ನೇ ಒಂದು ತುಣುಕಾಗಿ ಇಟ್ಟರೆ ಯರ್ಮೂಕ್ ಕದನವೂ ಜಿಝಿಯಾ ತೆರಿಗೆಯೂ ಒಂದೇ ಮೂಟೆಗೆ ಬಿದ್ದು ಎರಡೂ ಮಸುಕಾಗುತ್ತವೆ.

ಆಮೇಲೆ ಯೂನಿಕೋಡ್. ‘ಖಲೀಫ’ದ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ, ಗುಡಿಸು ಮತ್ತು ದೀರ್ಘದ ಗೆರೆ ಎಂದು ಎರಡಾಗಿಯೂ ಟೈಪ್ ಮಾಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಪದ. ಎಲ್ಲವನ್ನೂ ಬಿಡಿ ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಝೆಡ್‌ಡಬ್ಲ್ಯುಎನ್‌ಜೆ ಅಕ್ಷರವನ್ನು ತೆಗೆಯಿರಿ, ೬೩೬ ಇದ್ದಲ್ಲಿ 636 ಮಾಡಿ.

ಪದ ಒಡೆಯುವಾಗ ಬೀಳುವ ಏಟು ಇನ್ನೂ ದೊಡ್ಡದು. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯ ಡೀಫಾಲ್ಟ್ ಟೋಕನ್ ಪ್ಯಾಟರ್ನ್ (ಪದ ಒಡೆಯುವ ನಿಯಮ) ಸ್ವರಚಿಹ್ನೆಗಳನ್ನೂ (ಾ, ೂ) ಅರ್ಧಾಕ್ಷರದ ಚಿಹ್ನೆಯನ್ನೂ (್) ಅಕ್ಷರವೆಂದು ಎಣಿಸುವುದಿಲ್ಲ. ಅಲ್ಲೇ ಪದವನ್ನು ಕಡಿಯುತ್ತದೆ, ಒಂಟಿ ಅಕ್ಷರಗಳನ್ನು ಎಸೆಯುತ್ತದೆ. ಹಾಗಾಗಿ ಡಮಾಸ್ಕಸ್ ಎಂಬುದು ‘ಡಮ’ ಮತ್ತು ‘ಕಸ’ ಆಗುತ್ತದೆ. ಯರ್ಮೂಕ್‌ನಿಂದ ಉಳಿಯುವುದು ‘ಯರ’ ಅಷ್ಟೇ. ಎರರ್ ಏನೂ ಬರುವುದಿಲ್ಲ, ಫಲಿತಾಂಶ ಮಾತ್ರ ಹಾಳು. ಖಾಲಿ ಜಾಗ ಮತ್ತು ವಾಕ್ಯಚಿಹ್ನೆಗಳಲ್ಲಿ ಮಾತ್ರ ಒಡೆಯುವ ನಿಮ್ಮದೇ ಫಂಕ್ಷನ್ ಕೊಡಿ. ಪದಪಟ್ಟಿಯ ಮೊದಲ 200 ಪದಗಳನ್ನು ಕಣ್ಣಾರೆ ಓದಿ.

ವಿಭಕ್ತಿ ಪ್ರತ್ಯಯಗಳಿಗೆ ದೊಡ್ಡ ಸ್ಟೆಮ್ಮರ್ (ಪದದ ಮೂಲರೂಪ ತೆಗೆಯುವ ಪ್ರೋಗ್ರಾಂ) ಬೇಕಿಲ್ಲ. ಊರು, ವ್ಯಕ್ತಿಗಳ ಪಟ್ಟಿ ಮಾಡಿಕೊಂಡು, ಆ ಹೆಸರಿನಿಂದ ಶುರುವಾಗುವ ಡಮಾಸ್ಕಸ್ಸಿನಲ್ಲಿ, ಡಮಾಸ್ಕಸ್‌ಗೆ ಮುಂತಾದವನ್ನು ಆ ಹೆಸರಿಗೇ ಇಳಿಸಿದರೆ ಸಾಕು. ಗಿಡ್ಡ ಹೆಸರುಗಳಲ್ಲಿ ಮಾತ್ರ ಜೋಕೆ: ‘ಅಲಿ’ಯನ್ನು ಹೀಗೆ ಬಿಟ್ಟರೆ ‘ಅಲಿಖಿತ ಒಪ್ಪಂದ’ವೂ ನಾಲ್ಕನೇ ಖಲೀಫರ ಖಾತೆಗೆ ಹೋಗುತ್ತದೆ. ಅಂಥವಕ್ಕೆ ರೂಪಗಳನ್ನು ಕೈಯಿಂದಲೇ ಬರೆಯಿರಿ.

‘ಇಬ್ನ್’ (ಮಗ), ‘ಅಬೂ’ (ತಂದೆ) ಎಲ್ಲೆಲ್ಲೂ ಬರುತ್ತವೆಂದು ಕೈಬಿಡುವ ಪದಗಳ ಸ್ಟಾಪ್‌ವರ್ಡ್ ಪಟ್ಟಿಗೆ ತಳ್ಳುವುದು ಮಾಮೂಲಿ ತಪ್ಪು. ‘ಇಬ್ನ್’ ತೆಗೆದರೆ ಯರ್ಮೂಕ್ ಕದನದ ಸೇನಾನಿ ಖಾಲಿದ್ ಇಬ್ನ್ ಅಲ್-ವಲೀದ್ ಎಂಬ ಹೆಸರಿನಲ್ಲಿ ವಲೀದ್ ಒಂಟಿಯಾಗಿ ಉಳಿಯುತ್ತದೆ. ಅದೇ ಹೆಸರಿನ ಉಮಯ್ಯದ್ ಖಲೀಫರು ಆಳಿದ್ದು 705ರಿಂದ 715ರವರೆಗೆ. ಸಿಂಧ್ ಮತ್ತು ಸ್ಪೇನಿನ ಕಡೆಗೆ ಸೇನೆ ಹೋದದ್ದು ಅವರ ಕಾಲದಲ್ಲಿ. ಎಲ್‌ಎಸ್‌ಐಯಲ್ಲಿ ಒಂದು ಪದಕ್ಕೆ ಒಂದೇ ವೆಕ್ಟರ್, ಅಂದರೆ ಅದರ ಜಾಗ ಹೇಳುವ ಒಂದೇ ಸಂಖ್ಯೆಗಳ ಸಾಲು. ಹಾಗಾಗಿ 636ರ ಯರ್ಮೂಕ್ 711ರ ಸ್ಪೇನ್ ದಂಡಯಾತ್ರೆಯ ಕಡೆಗೆ ವಾಲುತ್ತದೆ. ಉಮರ್ ಕೂಡ ಇಬ್ಬರು: 634–644ರವರು ಒಬ್ಬರು, 717–720ರವರು ಇನ್ನೊಬ್ಬರು. ಪೂರ್ತಿ ಹೆಸರನ್ನು ಅಂಡರ್‌ಸ್ಕೋರ್ ಹಾಕಿ ಒಂದೇ ಪದ ಮಾಡಿ: ಖಾಲಿದ್_ವಲೀದ್, ಉಮರ್_ಖತ್ತಾಬ್.

ಇಸವಿಗಳನ್ನು ಪದಗಳ ಎಣಿಕೆಯ ಮ್ಯಾಟ್ರಿಕ್ಸಿಗೆ ಸೇರಿಸಬೇಡಿ, ಪ್ರತ್ಯೇಕ ಫೀಲ್ಡಿನಲ್ಲಿಡಿ. ಹಿಜರಿ ಸಂಖ್ಯೆಯನ್ನು 0.97ರಿಂದ ಗುಣಿಸಿ 621.6 ಕೂಡಿಸಿದರೆ ಕ್ರಿ.ಶ. ಸುಮಾರಾಗಿ ಸಿಗುತ್ತದೆ. ಹಿಜರಿ 92ಕ್ಕೆ 710.8 ಬರುತ್ತದೆ, ಆ ವರ್ಷ ಶುರುವಾದದ್ದು 710ರ ಅಕ್ಟೋಬರಿನಲ್ಲಿ, ತಾರಿಕ್ ಇಬ್ನ್ ಝಿಯಾದ್ ಸ್ಪೇನಿಗೆ ಹೋಗಲು ಜಿಬ್ರಾಲ್ಟರ್ ಜಲಸಂಧಿ ದಾಟಿದ್ದು 711ರಲ್ಲಿ. ಆದ್ದರಿಂದ ಒಂದೇ ಇಸವಿ ಬೇಡ, ಶುರು ಮತ್ತು ಕೊನೆ ಎರಡನ್ನೂ ಇಡಿ. ಕಾದಿಸಿಯ್ಯಾದಂಥ ಕದನದ ವರ್ಷವೇ ಮೂಲಗಳಲ್ಲಿ ಬೇರೆ ಬೇರೆ ಇರುವುದರಿಂದ ಈ ವ್ಯಾಪ್ತಿ ಹೇಗೂ ಬೇಕಾಗುತ್ತದೆ.

ಈಗ ಪದ-ತುಣುಕು ಮ್ಯಾಟ್ರಿಕ್ಸ್: ಯಾವ ಪದ ಯಾವ ತುಣುಕಿನಲ್ಲಿ ಎಷ್ಟು ಸಲ ಬಂತು ಎಂಬ ಕೋಷ್ಟಕ. ಒಂದೇ ಒಂದು ತುಣುಕಿನಲ್ಲಿ ಮಾತ್ರ ಕಂಡ ಪದಗಳನ್ನು ಬಿಡಿ. ತೂಕಕ್ಕೆ ಲಾಗ್-ಎಂಟ್ರೊಪಿ ಒಳ್ಳೆಯದು: ಎಲ್ಲ ಕಡೆ ಹರಡಿದ ‘ಸೇನೆ’ಗೆ ಸೊನ್ನೆಯ ಸಮೀಪ, ಕೆಲವೇ ಕಡೆ ಬರುವ ಈಜಿಪ್ಟಿನ ಪಟ್ಟಣ ‘ಫುಸ್ತಾತ್’ಗೆ ಒಂದರ ಸಮೀಪ. ನಂತರ ಎಸ್‌ವಿಡಿ (ಮ್ಯಾಟ್ರಿಕ್ಸನ್ನು ಮುಖ್ಯ ಆಯಾಮಗಳಾಗಿ ಒಡೆಯುವ ಲೆಕ್ಕ) ಮಾಡಿ, ಅತಿ ದೊಡ್ಡ ಆಯಾಮಗಳಲ್ಲಿ ‘ಕೆ’ ಎಂಬ ಸಂಖ್ಯೆಯಷ್ಟನ್ನು ಮಾತ್ರ ಉಳಿಸಿಕೊಳ್ಳಿ. ಸಾವಿರಾರು ತುಣುಕುಗಳಿದ್ದರೆ ಕೆ 100ರಿಂದ 300. ನಾಲ್ಕೈದು ನೂರೇ ಇದ್ದರೆ 40–60ರಿಂದ ಶುರು ಮಾಡಿ. ಸೈಕಿಟ್-ಲರ್ನ್‌ನ ಟ್ರಂಕೇಟೆಡ್ ಎಸ್‌ವಿಡಿಯಲ್ಲಿ ಡೀಫಾಲ್ಟ್ ಬರೀ 2, ಬದಲಾಯಿಸಲು ಮರೆಯಬೇಡಿ. ಕೆ ತೀರಾ ಕಡಿಮೆಯಾದರೆ ಎಲ್ಲ ಕದನಗಳೂ ಒಂದೇ ಗುಡ್ಡೆ. ಜಾಸ್ತಿಯಾದರೆ ಮದಾಇನ್ ಮತ್ತೆ ಕ್ಟೆಸಿಫಾನ್‌ನಿಂದ ದೂರ ಸರಿಯುತ್ತದೆ.

ಪ್ರಶ್ನೆಗೂ ಅದೇ ಶುದ್ಧಿ, ಅದೇ ತೂಕ, ಅದೇ ಆಯಾಮ, ಹೋಲಿಕೆ ಕೊಸೈನ್‌ನಿಂದ, ಅಂದರೆ ಎರಡು ವೆಕ್ಟರ್‌ಗಳ ನಡುವಿನ ಕೋನದಿಂದ. ಸರಿಯುತ್ತರದ ತುಣುಕು ಯಾವುದೆಂದು ಮೊದಲೇ ಗುರುತಿಸಿದ 25 ಪ್ರಶ್ನೆ ಇಟ್ಟುಕೊಂಡು, ಪ್ರತಿ ಕೆ ಬೆಲೆಗೆ ಮೊದಲ ಹತ್ತರಲ್ಲಿ ಎಷ್ಟು ಸಿಕ್ಕಿತು ಎಂದು ಎಣಿಸಿ. ಬರೀ ಹೆಸರಿನ ಪ್ರಶ್ನೆಗಳಲ್ಲಿ ಪದವನ್ನಷ್ಟೇ ಹೋಲಿಸಿ ಅಂಕ ಕೊಡುವ ಬಿಎಂ25 ಸಾಮಾನ್ಯವಾಗಿ ಮೇಲು, ಆದ್ದರಿಂದ ಎರಡರ ಅಂಕವನ್ನೂ ಬೆರೆಸಿ. ಹೊಸ ತುಣುಕುಗಳನ್ನು ಹಳೆಯ ಆಯಾಮಗಳಿಗೇ ಇಳಿಸಿ ಸೇರಿಸಬಹುದು, ಆದರೆ ಅವುಗಳ ಹೊಸ ಪದಗಳು ಲೆಕ್ಕಕ್ಕೆ ಬರುವುದಿಲ್ಲ. ಹತ್ತನೇ ಒಂದರಷ್ಟು ಹೊಸತು ಸೇರಿದ ಮೇಲೆ ಎಸ್‌ವಿಡಿ ಮತ್ತೆ ಓಡಿಸಿ.

ಎಷ್ಟೇ ಸರಿಪಡಿಸಿದರೂ ಯಾರು ಯಾರನ್ನು ಸೋಲಿಸಿದರು ಎಂಬುದು ಈ ಇಂಡೆಕ್ಸಿಗೆ ಗೊತ್ತಾಗುವುದಿಲ್ಲ, ಪದಗಳ ಕ್ರಮ ಅದರಲ್ಲಿ ಇಲ್ಲವೇ ಇಲ್ಲ. 634ರ ಸೇತುವೆಯ ಕದನದಲ್ಲಿ ಗೆದ್ದವರು ಪರ್ಷಿಯನ್ನರು. ಆದರೂ ಅದು ಅರಬರು ಗೆದ್ದ ಕಾದಿಸಿಯ್ಯಾದ ಪಕ್ಕದಲ್ಲೇ ಬರುತ್ತದೆ. ‘ಅರಬ್ ಸೇನೆಗೆ ಸೋಲು’ ಎಂಬಂಥ ಪ್ರಶ್ನೆಗಳು ಹೆಚ್ಚಿದ್ದರೆ, ಗೆದ್ದವರ ಹೆಸರಿಗೊಂದು ಫೀಲ್ಡ್ ಮಾಡಿ ಕೈಯಿಂದಲೇ ತುಂಬಿ.