ಹಳೇ ಫುಟ್‌ಬಾಲ್ ಆಟಗಾರನ ಬಗ್ಗೆ ಬರೆಯುವುದು ಹೇಗೆ? ಡಿ ಸ್ಟೆಫಾನೊ ಇಟ್ಟುಕೊಂಡು ಕಲಿಯೋಣ

ಗೋಲುಗಳಿಂದ ಶುರು ಮಾಡಬೇಡಿ. ಬರೆಯಲು ಕೂತವರೆಲ್ಲ ಮೊದಲು ಹುಡುಕುವುದು ಅದನ್ನೇ, ಎಷ್ಟು ಗೋಲು, ಎಷ್ಟು ಕಪ್ ಅಂತ. ಆಟಗಾರನ ಕಥೆ ತೆರೆದುಕೊಳ್ಳುವುದು ಅವನು ಒಂದು ತಂಡ ಬಿಟ್ಟು ಇನ್ನೊಂದಕ್ಕೆ ಹೋದ ಕಡೆ. ಯಾಕೆ ಬಿಟ್ಟ, ಯಾರು ಕರೆದರು, ಯಾರ ಒಪ್ಪಿಗೆ ಬೇಕಿತ್ತು, ದುಡ್ಡು ಯಾರಿಗೆ ಹೋಯಿತು? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗರು ನಮ್ಮ ಹಳೇ ಆಟಗಾರರ ಬಗ್ಗೆ ಬರೆಯಬೇಕು ಅನ್ನುವುದು ನನ್ನ ಆಸೆ. ಕಲಬುರಗಿಯ ಎನ್‌ವಿ ಮೈದಾನದ ಅಂಚಲ್ಲಿ ಕೂತು ಸಂಜೆ ಆಟ ನೋಡುವ ಅಜ್ಜಂದಿರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಚೆನ್ನಾಗಿ ಆಡಿದವರೇ. ಆದರೆ ಅವರ ಬಗ್ಗೆ ಕಾಗದದಲ್ಲಿ ಸಿಗುವುದು ಕಮ್ಮಿ. ಹಾಗಾಗಿ ಮೊದಲು ಜಾಸ್ತಿ ದಾಖಲೆ ಇರುವ ಒಬ್ಬರ ಮೇಲೆ ಕೈ ಪಳಗಿಸಿಕೊಳ್ಳಿ. ಅದಕ್ಕೆ ಅರ್ಜೆಂಟೀನಾದಲ್ಲಿ ಹುಟ್ಟಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್‌ನಲ್ಲಿ ಹೆಸರು ಮಾಡಿದ ಆಲ್ಫ್ರೆಡೊ ಡಿ ಸ್ಟೆಫಾನೊಗಿಂತ ಒಳ್ಳೆಯ ಆಟಗಾರ ಸಿಗುವುದಿಲ್ಲ. ಎರಡು ಖಂಡ, ಐದು ಕ್ಲಬ್, ಎರಡು ದೇಶದ ಅಂಗಿ, ಜೊತೆಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾದ ಲೆಕ್ಕಕ್ಕೆ ಸೇರದ ಮೂರನೇ ದೇಶದ ಅಂಗಿಯೂ ಒಂದು.

ಒಂದು ಲಾಂಗ್ ಬುಕ್ ತಗೊಳ್ಳಿ. ಪುಟ ಅಡ್ಡ ಇಟ್ಟು ಐದು ಗೆರೆ ಎಳೆಯಿರಿ: ವರ್ಷ, ಊರು, ತಂಡ, ಯಾಕೆ ಬಂದ, ಎಲ್ಲಿ ಓದಿದೆ. ಕೊನೆಯ ಗೆರೆ ಬಿಡಬೇಡಿ. ಆರು ತಿಂಗಳ ಮೇಲೆ ಯಾರಾದರೂ ಕೇಳಿದಾಗ ಉಪಯೋಗಕ್ಕೆ ಬರುವುದು ಅದೇ.

ಈಗ ತುಂಬುತ್ತಾ ಹೋಗಿ. 1926ರ ಜುಲೈ 4, ಬ್ಯೂನಸ್ ಐರಿಸ್‌ನಲ್ಲಿ ಹುಟ್ಟು. 1945ಕ್ಕೆ ಅದೇ ಊರಿನ ರಿವರ್ ಪ್ಲೇಟ್ ಕ್ಲಬ್. 1946ಕ್ಕೆ ಹುರಕಾನ್, ಆದರೆ ಅದು ಎರವಲು. ಇಲ್ಲಿ ತುಂಬಾ ಜನ ‘ಕ್ಲಬ್ ಬದಲಿಸಿದರು’ ಅಂತ ಬರೆದುಬಿಡುತ್ತಾರೆ. ಅವರ ಹಕ್ಕು ರಿವರ್ ಹತ್ತಿರವೇ ಇತ್ತು, ಮರುವರ್ಷ ವಾಪಸ್ ಬಂದು 27 ಗೋಲು ಹೊಡೆದು ತಂಡವನ್ನು ಚಾಂಪಿಯನ್ ಮಾಡಿದರು. ಅದೇ 1947ರಲ್ಲಿ ಅರ್ಜೆಂಟೀನಾ ಪರ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್ ಗೆದ್ದರು, ಆರು ಪಂದ್ಯ, ಆರು ಗೋಲು.

1949ರ ಸಾಲಿಗೆ ಬಂದಾಗ ನಿಲ್ಲಿ. ಅಷ್ಟು ಚೆನ್ನಾಗಿ ಆಡುತ್ತಿದ್ದವರು ಕೊಲಂಬಿಯಾದ ಬೊಗೊಟಾಕ್ಕೆ ಯಾಕೆ ಹೋದರು? 1948ರಲ್ಲಿ ಅರ್ಜೆಂಟೀನಾದ ಆಟಗಾರರು ಸಂಬಳ, ಹಕ್ಕುಗಳಿಗಾಗಿ ಮುಷ್ಕರ ಹೂಡಿದ್ದರು. ಅತ್ತ ಕೊಲಂಬಿಯಾದಲ್ಲಿ ಹೊಸ ಲೀಗ್ ಶುರುವಾಗಿತ್ತು, ಅದು ಫೀಫಾದಿಂದ ಹೊರಗಿತ್ತು, ಹಾಗಾಗಿ ಹಳೇ ಕ್ಲಬ್‌ಗೆ ಒಂದು ಪೈಸೆ ಕೊಡದೆ ಆಟಗಾರರಿಗೇ ನೇರವಾಗಿ ಒಳ್ಳೇ ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಿತ್ತು. ಪೆಡರ್ನೆರಾ, ರೊಸ್ಸಿ, ಡಿ ಸ್ಟೆಫಾನೊ ಮೂವರೂ ಬೊಗೊಟಾದ ಮಿಲಿಯೊನಾರಿಯೋಸ್ ಕ್ಲಬ್ ಸೇರಿದರು. ‘ದುಡ್ಡಿನಾಸೆಗೆ ಹೋದರು’ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಅದು ಅವರಿಗೆ ಮಾಡುವ ಅನ್ಯಾಯ. ಆಟಗಾರನ ಮಾತಿಗೆ ಬೆಲೆಯೇ ಇಲ್ಲದ ಕಾಲ ಅದು.

1953ರ ಸಾಲಿಗೆ ಒಂದು ಪೂರ್ತಿ ಪುಟ ಕೊಡಿ. 1951ರಲ್ಲಿ ಲಿಮಾದಲ್ಲಿ ಆದ ಒಪ್ಪಂದದ ಪ್ರಕಾರ ಈ ಆಟಗಾರರು 1954ರವರೆಗೆ ಕೊಲಂಬಿಯಾದಲ್ಲಿ ಆಡಬಹುದಿತ್ತು, ಆಮೇಲೆ ಹಳೇ ಕ್ಲಬ್‌ಗೆ ಮರಳಬೇಕಿತ್ತು. ಅಂದರೆ ಒಬ್ಬ ಆಟಗಾರ, ಹಕ್ಕು ರಿವರ್, ಮಿಲಿಯೊನಾರಿಯೋಸ್ ಇಬ್ಬರದು. 1952ರಲ್ಲಿ ಮಿಲಿಯೊನಾರಿಯೋಸ್ ಸ್ಪೇನಿಗೆ ಬಂದು ರಿಯಲ್ ಮ್ಯಾಡ್ರಿಡನ್ನು ಅದರ 50ನೇ ವರ್ಷದ ಸಂಭ್ರಮದಲ್ಲೇ 4-2ರಿಂದ ಸೋಲಿಸಿತ್ತು, ಅಲ್ಲಿಂದ ಎಲ್ಲರ ಕಣ್ಣು ಡಿ ಸ್ಟೆಫಾನೊ ಮೇಲೆ. ಬಾರ್ಸಿಲೋನಾ ರಿವರ್ ಪ್ಲೇಟ್ ಜೊತೆ ಮಾತಾಡಿತು. ರಿಯಲ್ ಮ್ಯಾಡ್ರಿಡ್ ಮಿಲಿಯೊನಾರಿಯೋಸ್ ಜೊತೆ ಮಾತಾಡಿತು. ಸ್ಪೇನಿನ ಫುಟ್‌ಬಾಲ್ ಒಕ್ಕೂಟ ಕೊಟ್ಟ ತೀರ್ಪು ಏನು ಗೊತ್ತಾ? ನಾಲ್ಕು ಸೀಸನ್, ಒಂದು ಸೀಸನ್ ಅಲ್ಲಿ, ಒಂದು ಸೀಸನ್ ಇಲ್ಲಿ. ಬಾರ್ಸಿಲೋನಾ ಹಿಂದೆ ಸರಿಯಿತು, ಅವರು ಮ್ಯಾಡ್ರಿಡ್ ಪಾಲಾದರು. ಇದನ್ನು ಮ್ಯಾಡ್ರಿಡ್ ಕಡೆಯವರು ಒಂದು ಥರ ಹೇಳುತ್ತಾರೆ, ಬಾರ್ಸಿಲೋನಾ ಕಡೆಯವರು ಬೇರೆ ಥರ. ಆದ್ದರಿಂದ ಎರಡೂ ಊರಿನ ಪತ್ರಿಕೆ ನೋಡಿ. ಮ್ಯಾಡ್ರಿಡ್‌ನ ಎಬಿಸಿ, ಬಾರ್ಸಿಲೋನಾದ ಮುಂಡೊ ಡಿಪೋರ್ಟಿವೊ, ಎರಡರ ಹಳೇ ಸಂಚಿಕೆಗಳೂ ಆನ್‌ಲೈನ್‌ನಲ್ಲಿವೆ. ಸ್ಪ್ಯಾನಿಷ್ ಬರದಿದ್ದರೆ ಮೊಬೈಲ್‌ನ ಅನುವಾದ ಆ್ಯಪ್ ಸಾಕು. ತಾರೀಖು ಮತ್ತು ಹೆಸರು ಮಾತ್ರ ಮೂಲದಲ್ಲೇ ನೋಡಿ ಬರೆದುಕೊಳ್ಳಿ.

ಮುಂದಿನದು ಸುಲಭ. 1956ರಿಂದ 1960ರವರೆಗೆ ಮ್ಯಾಡ್ರಿಡ್ ಪರ ಸಾಲಾಗಿ ಐದು ಯುರೋಪಿಯನ್ ಕಪ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್), ಐದೂ ಫೈನಲ್‌ನಲ್ಲಿ ಗೋಲು. 1960ರಲ್ಲಿ ಗ್ಲಾಸ್ಗೋದಲ್ಲಿ ಫ್ರಾಂಕ್‌ಫರ್ಟ್ ವಿರುದ್ಧ 7-3, ಇವರದು ಮೂರು, ಜೊತೆ ಆಟಗಾರ ಪುಷ್ಕಾಷ್‌ದು ನಾಲ್ಕು. 1957, 1959ರ ಬ್ಯಾಲನ್ ಡಿ’ಓರ್, ಅಂದರೆ ಯುರೋಪಿನ ವರ್ಷದ ಆಟಗಾರ ಪ್ರಶಸ್ತಿ. 1964ಕ್ಕೆ ಬಾರ್ಸಿಲೋನಾ ಊರಿನ ಇನ್ನೊಂದು ಕ್ಲಬ್ ಎಸ್ಪಾನ್ಯೋಲ್, 1966ಕ್ಕೆ ಆಟಕ್ಕೆ ವಿದಾಯ. 1963ರಲ್ಲಿ ವೆನೆಜುವೆಲಾದ ಕರಾಕಾಸ್‌ನಲ್ಲಿ ಬಂಡುಕೋರರು ಅಪಹರಿಸಿ ಎರಡು ದಿನದ ಮೇಲೆ ಬಿಟ್ಟಿದ್ದರು. ಅದು ಓದಲು ರೋಚಕ, ಆದರೆ ಒಂದು ಪ್ಯಾರಾಕ್ಕಿಂತ ಜಾಸ್ತಿ ಬೇಡ. 1962ರ ವಿಶ್ವಕಪ್‌ಗೆ ಸ್ಪೇನ್ ತಂಡದಲ್ಲಿ ಹೋಗಿಯೂ ಗಾಯದಿಂದ ಆಡಲಾಗಲಿಲ್ಲ. ಇಷ್ಟು ದೊಡ್ಡ ಆಟಗಾರ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ ಅನ್ನುವುದೇ ನನಗೆ ಹೆಚ್ಚು ಕಾಡುವ ವಿಷಯ.

ಗೋಲಿನ ಲೆಕ್ಕ ಕೊನೆಗೆ. ಮ್ಯಾಡ್ರಿಡ್ ಪರ ಒಂದು ಕಡೆ 307 ಅಂತಿದೆ, ಇನ್ನೊಂದು ಕಡೆ 308. ಗಾಬರಿ ಬೇಡ, ಎರಡನ್ನೂ ಬರೆದು ಎಲ್ಲಿ ಓದಿದ್ದು ಅಂತ ಹಾಕಿ. ಅವರು ಮ್ಯಾಡ್ರಿಡ್ ಪರ ಮೊದಲು ಆಡಿದ್ದು ಫ್ರಾನ್ಸಿನ ನಾನ್ಸಿ ತಂಡದ ವಿರುದ್ಧ, ಅದು ಸೌಹಾರ್ದ ಪಂದ್ಯ. ಅಂಥವನ್ನು ಲೀಗ್ ಲೆಕ್ಕಕ್ಕೆ ಸೇರಿಸಬೇಡಿ. ಕೊಲಂಬಿಯಾ ಪರ ಆಡಿದ ಪಂದ್ಯಗಳನ್ನು ಅರ್ಜೆಂಟೀನಾದ 6, ಸ್ಪೇನಿನ 31 ಪಂದ್ಯಗಳ ಜೊತೆ ಕೂಡಿಸಬೇಡಿ. ಇನ್ನೊಂದು, ಅರ್ಜೆಂಟೀನಾ, ಕೊಲಂಬಿಯಾದ ಹಳೇ ಲೀಗ್‌ಗಳು ಕ್ಯಾಲೆಂಡರ್ ವರ್ಷದ ಲೆಕ್ಕ, ಸ್ಪೇನಿನ ಸೀಸನ್ ಎರಡು ವರ್ಷಕ್ಕೆ ಚಾಚುತ್ತದೆ. ಇದನ್ನು ಮರೆತರೆ ಒಂದು ವರ್ಷ ಎಲ್ಲೋ ತಪ್ಪಿಹೋಗುತ್ತದೆ.

ಕೈ ಪಳಗಿತು ಅಲ್ವಾ? ಈಗ ಅದೇ ಲಾಂಗ್ ಬುಕ್ ಹಿಡಿದು ನಮ್ಮ ಊರಿಗೆ ಬನ್ನಿ. ಡಿ ಸ್ಟೆಫಾನೊ ಬೊಗೊಟಾದಲ್ಲಿ ಆಡುತ್ತಿದ್ದಾಗ ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಆಗ ಫುಟ್‌ಬಾಲ್ ಅಂದರೆ ಹೈದರಾಬಾದ್ ಪೊಲೀಸ್ ತಂಡ. ಸೈಯದ್ ಅಬ್ದುಲ್ ರಹೀಮ್ ಅವರ ಕೈಕೆಳಗೆ 1950ರಿಂದ 1954ರವರೆಗೆ ಸಾಲಾಗಿ ಐದು ಸಲ ಮುಂಬೈನ ರೋವರ್ಸ್ ಕಪ್ ಟೂರ್ನಿ ಗೆದ್ದ ತಂಡ ಅದು. ಆದ್ದರಿಂದ 1956ರ ನವೆಂಬರ್ 1ಕ್ಕಿಂತ ಮುಂಚಿನ ಆಟಗಾರರನ್ನು ಹೈದರಾಬಾದ್ ಹೆಸರಲ್ಲಿ ಹುಡುಕಿ, ಆಮೇಲಿನವರನ್ನು ಮೈಸೂರು ಹೆಸರಲ್ಲಿ, 1973ರ ನಂತರ ಕರ್ನಾಟಕ ಅಂತ. ಊರಿನ ಹೆಸರು ‘ಗುಲ್ಬರ್ಗಾ’ ಅಂತಲೇ ಹಾಕಿ ಹುಡುಕಬೇಕು. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು.

ಆ ಕಾಲದ ಸುದ್ದಿ ಕನ್ನಡಕ್ಕಿಂತ ಉರ್ದುವಿನಲ್ಲಿ ಸಿಗುವ ಸಾಧ್ಯತೆ ಜಾಸ್ತಿ. 1949ರಲ್ಲಿ ಶುರುವಾದ ಹೈದರಾಬಾದಿನ ಸಿಯಾಸತ್ ಥರದ ಪತ್ರಿಕೆ ನೋಡಿ. ಉರ್ದು ಬಾರದಿದ್ದರೆ ಕಲಬುರಗಿಯ ರೋಜಾ, ಮೋಮಿನಪುರ ಕಡೆ ಓದಿ ಹೇಳುವ ಹಿರಿಯರು ಸಿಗುತ್ತಾರೆ, ಚಹಾ ಹೊತ್ತಿಗೆ ಹೋಗಿ ಕೇಳಿ.

ಆಡಿದ ಅಜ್ಜನ ಹತ್ತಿರ ಹೋದಾಗ ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅನ್ನಬೇಡಿ, ಯಾರಿಗೂ ಹಾಗೆ ಹೇಳಲು ಬರುವುದಿಲ್ಲ. ‘ಅಜ್ಜಾರ, ನೀವು ಮೊದಲು ಯಾವ ತಂಡಕ್ಕೆ ಆಡಿದ್ರಿ? ಯಾರು ಕರಕೊಂಡು ಹೋದ್ರು? ಬೂಟು ಯಾರು ಕೊಡಿಸಿದ್ರು? ಆ ತಂಡ ಯಾಕ ಬಿಟ್ರಿ?’ ಅಂತ ಕೇಳಿ. ಅವರ ಒಪ್ಪಿಗೆ ತಗೊಂಡು ಫೋನಲ್ಲಿ ರೆಕಾರ್ಡ್ ಮಾಡಿ. ತಂಡದ ಫೋಟೊ ತೆಗೆದು ತೋರಿಸಿದರೆ ಮುಂದಿನಿಂದ ಒಂದು, ಹಿಂದಿನಿಂದ ಒಂದು ಚಿತ್ರ ತೆಗೆದುಕೊಳ್ಳಿ, ಹಿಂದೆ ಸ್ಟುಡಿಯೊ ಸೀಲು, ಪೆನ್ಸಿಲ್‌ನಲ್ಲಿ ಬರೆದ ವರ್ಷ ಇರುತ್ತದೆ. ಆಮೇಲೆ ಫೋಟೊದಲ್ಲಿ ನಿಂತವರ ಹೆಸರು ಎಡದಿಂದ ಒಬ್ಬೊಬ್ಬರದೇ ಕೇಳಿ ಬರೆದುಕೊಳ್ಳಿ. ಅವರಲ್ಲಿ ಯಾರಾದರೂ ಇನ್ನೂ ಇದ್ದರೆ ಮುಂದೆ ಹೋಗಬೇಕಾದ್ದು ಅವರ ಮನೆಗೆ.