ಮಾತ್ರೆ ಎಲ್ಲಿಡುತ್ತೀರಿ?

ಸರ್ಕಾರದ ಸೌಲಭ್ಯವೋ ಔಷಧಿಯೋ ಮನೆ ಬಾಗಿಲವರೆಗೆ ಬಂದರೂ ಎಷ್ಟೋ ಸಲ ಬಳಕೆಯಾಗದೆ ಮೂಲೆ ಸೇರುತ್ತದೆ. ಯಾಕೆ ಎಂದು ಹುಡುಕಿ, ಬಳಸುವವರನ್ನೇ ಜೊತೆಗೆ ಕೂರಿಸಿಕೊಂಡು ಅದನ್ನು ತಿದ್ದುವುದು ನನ್ನ ಉದ್ಯೋಗ. ಸಾಮಾಜಿಕ ವಿನ್ಯಾಸ ಎನ್ನುತ್ತಾರೆ. ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸ ಮಾಡಿ, ಬಾಗಲಕೋಟೆಗೆ ಮರಳಿದೆ. ಈ ದಾರಿ ಹೇಗಿದೆ ಎಂದು ನಮ್ಮ ಭಾಗದ ಹುಡುಗ ಹುಡುಗಿಯರು ಕೇಳುತ್ತಿರುತ್ತಾರೆ. ಒಂದು ಕೆಲಸವನ್ನು ಬಿಡಿಸಿ ಹೇಳಿದರೆ ಬೇಗ ತಿಳಿದೀತು.

ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿಂದ ಎರಡು ಬಗೆಯ ಮಾತ್ರೆ ಕೊಡುತ್ತಾರೆ. ಕೆಂಪು ಬಣ್ಣದ್ದು ಕಬ್ಬಿಣಾಂಶದ್ದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ದಿನಕ್ಕೊಂದರಂತೆ 180 ದಿನ ನುಂಗಬೇಕು. ಇನ್ನೊಂದು ಕ್ಯಾಲ್ಸಿಯಂ, ದಿನಕ್ಕೆರಡು, ಊಟದ ಜೊತೆಗೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಚಹಾ ಕೂಡ ಹಾಗೆಯೇ. ಇದನ್ನೆಲ್ಲ ತಿಳಿಸುವ ಒಳ್ಳೆಯ ಪೋಸ್ಟರ್ ಮಾಡಿಕೊಡಿ ಎಂದು ನಮ್ಮನ್ನು ಕರೆದಿದ್ದರು.

ಪೋಸ್ಟರಿಗಿಂತ ಮೊದಲು ಮನೆಗಳನ್ನು ನೋಡಲು ಬಿಡಿ ಎಂದು ಕೇಳಿಕೊಂಡೆ. ಹೀಗೆ ಸಮಯ ಕೇಳಿ ಪಡೆಯುವುದೇ ಈ ವೃತ್ತಿಯ ಅತಿ ಕಷ್ಟದ ಭಾಗ ಎಂಬುದು ನನ್ನ ಅಭಿಪ್ರಾಯ. ಚಿತ್ರ ಬಿಡಿಸುವುದು ಕೊನೆಯ ಕೆಲಸ, ಕೆಲವೊಮ್ಮೆ ಬೇಕೇ ಆಗುವುದಿಲ್ಲ.

ಹುನಗುಂದ, ಬಾದಾಮಿ ತಾಲ್ಲೂಕುಗಳಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆ ಸುತ್ತಿದೆ. ಮಾತ್ರೆ ನುಂಗುತ್ತೀರಾ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. "ಮಾತ್ರೆ ಎಲ್ಲಿಡುತ್ತೀರಿ, ಸ್ವಲ್ಪ ತೋರಿಸುತ್ತೀರಾ?" ಎಂದು ಕೇಳತೊಡಗಿದೆ. ಒಂದು ಮನೆಯ ಸೊಸೆ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಚೀಲ ತಂದು ಚಾಪೆಯ ಮೇಲೆ ಸುರಿದಳು. ತಾಯಿ ಕಾರ್ಡ್, ಆಧಾರ್ ಜೆರಾಕ್ಸ್, ರೇಷನ್ ಅಂಗಡಿಯ ಚೀಟಿ. ಜೊತೆಗೆ ಕೆಂಪು ಮತ್ತು ಬಿಳಿ ಮಾತ್ರೆಯ ಪಟ್ಟಿಗಳು ಒಂದೇ ರಬ್ಬರ್ ಬ್ಯಾಂಡಿನಲ್ಲಿ. ನೆನಪಾದ ದಿನ ಬೆಳಗಿನ ಚಹಾದ ಮೇಲೆ ಎರಡನ್ನೂ ಒಮ್ಮೆಲೇ ನುಂಗುತ್ತಿದ್ದಳು. ಹೊಟ್ಟೆ ತೊಳಸಿತು, ಮಲ ಕಪ್ಪಗಾಯಿತು, ಅತ್ತೆ ಹೆದರಿ ಮಾತ್ರೆ ನಿಲ್ಲಿಸಿದರು. "ಕಪ್ಪಾಗುವುದು ಸಹಜ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನೇಕೆ ಬೇಡ ಎನ್ನುತ್ತಿದ್ದೆ ತಂಗಿ?" ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ಸೊಸೆಗೆ ತಿಳಿಸಿದವರು ಅತ್ತೆಯನ್ನು ಮಾತನಾಡಿಸಿರಲಿಲ್ಲ.

ಆಗ ಬಳಕೆಯಲ್ಲಿದ್ದ ಚೀಟಿಯೊಂದರಲ್ಲಿ ಬೆಳಿಗ್ಗೆಗೂ ಸಂಜೆಗೂ ಅರ್ಧ ಸೂರ್ಯನ ಚಿತ್ರವೇ ಇತ್ತು. ಹೊತ್ತು ಮೂಡುತ್ತಿದೆಯೋ ಮುಳುಗುತ್ತಿದೆಯೋ ಹೇಗೆ ಗೊತ್ತಾಗಬೇಕು? ಹೊತ್ತನ್ನು ಚಿತ್ರದಲ್ಲಿ ತೋರಿಸುವುದನ್ನು ಬಿಟ್ಟು ಮಾತ್ರೆ ಇಡುವ ಜಾಗವನ್ನೇ ಬದಲಿಸಿದರೆ ಹೇಗೆ ಎಂದು ಆ ಹೆಣ್ಣುಮಕ್ಕಳ ಜೊತೆಗೇ ಕುಳಿತು ಯೋಚಿಸಿದೆವು. ಕ್ಯಾಲ್ಸಿಯಂ ರೊಟ್ಟಿ ಬುಟ್ಟಿಯ ಪಕ್ಕದ ಮೊಳೆಗೆ, ಕಬ್ಬಿಣಾಂಶದ್ದು ಹಾಸಿಗೆಯ ತಲೆದೆಸೆಗೆ. ರಾತ್ರಿ ಉಂಡು, ಪಾತ್ರೆ ತೊಳೆದು, ನಾಳೆಯ ಹಿಟ್ಟು ಸೋಸಿಟ್ಟು ಮಲಗುವ ಹೊತ್ತಿಗೆ ಊಟವಾಗಿ ಹೆಚ್ಚುಕಡಿಮೆ ಎರಡು ತಾಸು ಕಳೆದಿರುತ್ತದೆ. ವೈದ್ಯಾಧಿಕಾರಿ ಒಪ್ಪಿದ ಮೇಲೆಯೇ ಮುಂದಡಿ ಇಟ್ಟೆವು. ಈ ಕೆಲಸದಲ್ಲಿ ಅದನ್ನು ತಪ್ಪಿಸುವಂತಿಲ್ಲ.

ಮೊದಲು ಹೊಲಿಸಿದ ಬಿಳಿ ಬಟ್ಟೆಯ ಚೀಲಗಳನ್ನು ಹೆಂಗಸರು ಮೊಳೆಗೆ ಹಾಕಲೊಲ್ಲೆ ಎಂದರು. ಆಸ್ಪತ್ರೆಯ ಸಾಮಾನಿನಂತೆ ಕಾಣುತ್ತದೆ, ಬಂದವರೆಲ್ಲ ಏನಾಯಿತು ಎಂದು ಕೇಳುತ್ತಾರೆ. ಕುಪ್ಪಸ ಹೊಲಿಸುವ ಗುಳೇದಗುಡ್ಡದ ಖಣದ ತುಂಡು ಹಾಕಿ ಎಂದು ಹೇಳಿಕೊಟ್ಟವರೂ ಅವರೇ. ಹಾಗಾಗಿ ತಲೆದೆಸೆಯ ಚೀಲ ಖಣದ್ದಾಯಿತು, ಬುಟ್ಟಿಯ ಪಕ್ಕದ್ದು ಒರಟು ಹತ್ತಿಯದು. ಕರೆಂಟು ಹೋದರೂ ಮುಟ್ಟಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಕಪ್ಪು ಮಲದ ವಿಷಯವನ್ನು ಆಶಾ ಅಕ್ಕಂದಿರು ಮೊದಲ ಭೇಟಿಯಲ್ಲೇ ಅತ್ತೆಯ ಎದುರು ಹೇಳಬೇಕೆಂದು ಗೊತ್ತುಪಡಿಸಿದೆವು. ಅದಕ್ಕೆ ಖರ್ಚೇ ಇರಲಿಲ್ಲ, ಆದರೂ ಈ ಇಡೀ ಕೆಲಸದಲ್ಲಿ ನನಗೆ ಅದರ ಮೇಲೆಯೇ ಹೆಚ್ಚು ಅಭಿಮಾನ.

ಇನ್ನು ಓದಿನ ಮಾತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರದು, ಬೆಂಗಳೂರಿನಲ್ಲೂ ಅದರ ಆವರಣವಿದೆ. ಮುಂಬೈ ಐಐಟಿಯ ವಿನ್ಯಾಸ ವಿಭಾಗ 1969ರಲ್ಲಿ ಶುರುವಾಯಿತು. ಐಐಟಿಗಳಲ್ಲಿ ವಿನ್ಯಾಸದ ಸ್ನಾತಕೋತ್ತರ ಓದಿಗೆ ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅಹಮದಾಬಾದಿನ ಸಂಸ್ಥೆಗೆ ತಳಹದಿಯಾದದ್ದು ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಕೊಟ್ಟ ವರದಿ. ನಮ್ಮ ತಂಬಿಗೆಯನ್ನು ಮುಂದಿಟ್ಟುಕೊಂಡು, ತಲೆಯ ಮೇಲೆ ಹೊರುವುದೋ ಸೊಂಟದ ಮೇಲೋ, ಹಿಡಿಯುವ ಕೈ ಹೆಂಗಸಿನದೋ ಗಂಡಸಿನದೋ ಎಂದು ಅವರು ಕೇಳುತ್ತಾ ಹೋಗುತ್ತಾರೆ. ವಿನ್ಯಾಸ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಆದರೆ ಪದವಿಯೇ ಬೇಕೆಂದಿಲ್ಲ, ನನ್ನ ತಂಡದಲ್ಲಿ ಸಮಾಜಕಾರ್ಯ ಓದಿದವರೂ ಇದ್ದಾರೆ. ನಮ್ಮ ಜಿಲ್ಲೆಯ ಮಾತು ಬಲ್ಲವರಿಗೆ ಇಲ್ಲಿ ಯಾವ ಕಾಲೇಜೂ ಕೊಡಲಾಗದ ಅನುಕೂಲವಿದೆ.

ಸಂಬಳ ಬೆಂಗಳೂರಿನಷ್ಟಿಲ್ಲ. ನಮ್ಮ ಹಣ ಹೆಚ್ಚಾಗಿ ಬರುವುದು 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸಮಾಜದ ಕೆಲಸಕ್ಕೆಂದು ಲಾಭದಲ್ಲಿ ತೆಗೆದಿಡಬೇಕಾದ ಶೇ 2ರಿಂದ. ಯೋಜನೆ ಮುಗಿದರೆ ಹಣವೂ ಮುಗಿಯುತ್ತದೆ. ಸೇರುವ ಮುನ್ನ ಮನೆಯವರ ಜೊತೆ ಇದನ್ನು ಮಾತನಾಡಿಕೊಳ್ಳಿ.

ಈಗ ನಾವು ಬಿಡಿಸುತ್ತಿರುವ ಗಂಟು ಬೇರೆ. ಕುಬಸ, ಅಂದರೆ ಸೀಮಂತ, ಆದ ಮೇಲೆ ಚೊಚ್ಚಲ ಬಸುರಿಯರು ತವರಿಗೆ ಹೋಗುತ್ತಾರೆ. ತಾಯಿ ಕಾರ್ಡ್ ಜೊತೆಗೆ ಹೋದರೂ ಚೀಲಗಳು ಗಂಡನ ಮನೆಯ ಮೊಳೆಯಲ್ಲೇ ಉಳಿಯುತ್ತವೆ, ತವರೂರಿನ ಆಶಾಗೆ ಇವಳ ಸುದ್ದಿ ತಡವಾಗಿ ತಿಳಿಯುತ್ತದೆ. ಉಡಿ ತುಂಬುವಾಗಲೇ ಎರಡೂ ಚೀಲ ಅವಳ ಕೈಸೇರಲಿ ಎಂದು ಬಾದಾಮಿ ಕಡೆಯ ಒಬ್ಬ ಅತ್ತೆ ಸೂಚಿಸಿದ್ದಾರೆ. ಅದನ್ನು ಕೆಲವು ಮನೆಗಳಲ್ಲಿ ಮಾಡಿ ನೋಡುತ್ತಿದ್ದೇವೆ.